ಆಟದ ವೆಬ್‌ಸೈಟಿನ ಸುದ್ದಿ ಪುಟ: ಸಣ್ಣ ಗೇಮ್ ತಂಡಗಳಿಗೆ ಒಂದು ಮಾರ್ಗದರ್ಶಿ

ಮೈಸೂರಿನಲ್ಲಿ ಈಗ ಗೇಮ್ ಮಾಡುವ ಹುಡುಗ ಹುಡುಗಿಯರಿಗೆ ಕೊರತೆ ಇಲ್ಲ. ಹಗಲು ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ, ರಾತ್ರಿ ಕುವೆಂಪುನಗರದ ಮಹಡಿ ರೂಮಿನಲ್ಲಿ ಸ್ವಂತ ಆಟದ ಕೆಲಸ. ಆಟವೇನೋ ಚೆನ್ನಾಗಿಯೇ ಆಗುತ್ತದೆ. ಅದಕ್ಕೊಂದು ವೆಬ್‌ಸೈಟೂ ಆಗುತ್ತದೆ. ಅದರಲ್ಲಿ ‘ನ್ಯೂಸ್’ ಅಂತ ಒಂದು ಪುಟ. ಒಳಗೆ ಹೋದರೆ ಒಂದೇ ಒಂದು ಬರಹ: ‘ನಮ್ಮ ವೆಬ್‌ಸೈಟಿಗೆ ಸ್ವಾಗತ’. ತಾರೀಕು ನೋಡಿದರೆ ಎರಡು ವರ್ಷ ಹಳೆಯದು. ಇಲ್ಲಾಂದ್ರೆ ಹತ್ತು ಬರಹ ಇರುತ್ತವೆ, ಹತ್ತರಲ್ಲೂ ‘ಹೊಸ ಅಪ್‌ಡೇಟ್ ಬಂದಿದೆ, ಇಂದೇ ಡೌನ್‌ಲೋಡ್ ಮಾಡಿ!’ ಅನ್ನುವುದು ಬಿಟ್ಟರೆ ಮತ್ತೇನೂ ಇರುವುದಿಲ್ಲ.

ಈ ಪುಟವನ್ನು ಜಾಹೀರಾತು ಅಂದುಕೊಳ್ಳುವುದರಿಂದಲೇ ಹೀಗಾಗುತ್ತದೆ. ನನ್ನ ಪ್ರಕಾರ ಅದು ಮನೆಗೆ ಹಾಲು ಹಾಕುವವರ ವರ್ತನೆ ಲೆಕ್ಕ ಇದ್ದ ಹಾಗೆ. ಯಾವ ದಿನ ಏನು ಕೊಟ್ಟಿರಿ, ಯಾವ ದಿನ ತಪ್ಪಿತು, ಎರಡೂ ಅದರಲ್ಲಿ ಬರೆದಿರಬೇಕು. ಆ ಲೆಕ್ಕ ಸರಿಯಾಗಿದ್ದರೆ ಆಡುವವರು ನಿಮ್ಮ ಜಾಹೀರಾತನ್ನೂ ನಂಬುತ್ತಾರೆ.

ಹೇಳುವುದು ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಮೂವರು ಸೇರಿ ಫೋನಿಗೆ ಚೌಕಾಬಾರ ಆಟ ಮಾಡಿದ್ದೀರಿ. 25 ಮನೆ, 4 ಕವಡೆ (ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ), ಇಂಟರ್ನೆಟ್ಟಿನಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದು. (ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಅನ್ನುವ ಹಳೆಯ ಇಸ್ಪೀಟಿನಲ್ಲೇ ಹೊಸ ಹೊಸ ಆಟ ಹೊಸೆದವರು. ಆ ಊರಿನವರು ನಾವು, ಆಟ ಮಾಡುವುದರಲ್ಲಿ ಆಶ್ಚರ್ಯ ಏನಿದೆ!) ಇನ್ನು ಈ ಆಟದ ಸುದ್ದಿ ಪುಟ ಹೇಗಿರಬೇಕು ನೋಡೋಣ.

1. ಓದುವವರು ಯಾರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಸುದ್ದಿ ಪುಟಕ್ಕೆ ಸುಮ್ನೆ ಯಾರೂ ಬರುವುದಿಲ್ಲ. ಏನೋ ಕೆಟ್ಟಿರುತ್ತದೆ ಅಥವಾ ಏನೋ ಬದಲಾಗಿರುತ್ತದೆ, ಅದಕ್ಕೇ ಬಂದಿರುತ್ತಾರೆ. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕೂತ ಹುಡುಗ ಬೆಳಗ್ಗೆ ಅಪ್‌ಡೇಟ್ ಹಾಕಿಕೊಂಡಿದ್ದಾನೆ. ಈಗ ಆಟ ತೆರೆದರೆ ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ದ ಪಂದ್ಯ ಕಾಣುತ್ತಿಲ್ಲ. ಪ್ಲೇ ಸ್ಟೋರಿಗೆ ಹೋಗಿ ‘ಏನ್ ಗುರು, ಅಪ್‌ಡೇಟ್ ಮಾಡ್ಕಂಡೆ, ನನ್ ಕಾಯೆಲ್ಲ ಎಲ್ಲೋದ್ವು?’ ಅಂತ ಬರೆದು ಒಂದು ಸ್ಟಾರ್ ಒತ್ತುವ ಮೊದಲು ನಿಮ್ಮ ಪುಟಕ್ಕೆ ಒಂದು ಅವಕಾಶ ಕೊಡುತ್ತಾನೆ.

ಅವನ ತಲೆಯಲ್ಲಿರುವುದು ಇಷ್ಟೇ. ಇದು ನನಗೊಬ್ಬನಿಗೇ ಆಗಿದೆಯಾ? ಇವರಿಗೆ ಗೊತ್ತಿದೆಯಾ? ಈಗ ನಾನೇನು ಮಾಡಬೇಕು? ಯಾವಾಗ ಸರಿಹೋಗುತ್ತದೆ? ಇವಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕರೆ ಆ ಒಂದು ಸ್ಟಾರ್ ಬೀಳುವುದಿಲ್ಲ.

ಬೇರೆಯವರೂ ಬರುತ್ತಾರೆ. ಆಟ ಬಿಟ್ಟು ಹೋದವರು, ಪತ್ರಿಕೆಯವರು, ದುಡ್ಡು ಹಾಕಲು ಯೋಚಿಸುತ್ತಿರುವವರು. ಇವರು ಮೊದಲು ನೋಡುವುದು ಕೊನೆಯ ಬರಹದ ತಾರೀಕು. ಆಟ ಜೀವಂತ ಇದೆಯಾ ಇಲ್ಲವಾ ಅಂತ ಅದರಲ್ಲೇ ಅಳೆದುಬಿಡುತ್ತಾರೆ. ಅವರಿಗಾಗಿ ಬೇರೆ ಬರೆಯಬೇಕಿಲ್ಲ.

2. ಸುದ್ದಿಯ ಬಗೆಗಳನ್ನು ಬೇರೆ ಮಾಡಿ

ಆಟದ ಸುದ್ದಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಅಪ್‌ಡೇಟಿನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ, ಅಂದರೆ ಪ್ಯಾಚ್ ನೋಟ್ಸ್. ಸರ್ವರ್ ನಿಲ್ಲುತ್ತದೆ ಅನ್ನುವಂಥ ಸೂಚನೆ. ಹೊಸ ಆಟ, ಹೊಸ ಸ್ಪರ್ಧೆಯಂಥ ಪ್ರಕಟಣೆ. ಮತ್ತೆ, ಆಟ ಒಳಗೊಳಗೆ ಹೇಗೆ ತಯಾರಾಗುತ್ತಿದೆ ಅನ್ನುವ ಡೆವಲಪರ್ ಡೈರಿ. ನಾಲ್ಕನ್ನೂ ಒಂದೇ ಬರಹದಲ್ಲಿ ತುರುಕಬೇಡಿ. ಪ್ರತಿ ಬರಹದ ಮೇಲೆ ಅದು ಯಾವ ಬಗೆ ಅಂತ ಚಿಕ್ಕದೊಂದು ಗುರುತು ಹಾಕಿ. ಸರ್ವರ್ ಯಾವಾಗ ಶುರುವಾಗುತ್ತದೆ ಅಂತ ಹುಡುಕುತ್ತಿರುವವರು ನಿಮ್ಮ ಕವಡೆ ಚಿತ್ರ ಬಿಡಿಸಿದ ಕಥೆಯನ್ನು ದಾಟಿ ಹೋಗುವಂತಾಗಬಾರದು.

ದೊಡ್ಡವರು ಇದನ್ನು ಹೇಗೆ ಮಾಡುತ್ತಾರೆ ನೋಡಿ. ‘ಫ್ಯಾಕ್ಟೋರಿಯೋ’ ಆಟ ಮಾಡಿದ್ದು ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಅನ್ನುವ ತಂಡ. ಅವರು 2013ರಲ್ಲಿ ತಮ್ಮ ವೆಬ್‌ಸೈಟಿನಲ್ಲಿ ‘ಫ್ರೈಡೇ ಫ್ಯಾಕ್ಟ್ಸ್’ ಅಂತ ಶುರು ಮಾಡಿದರು. ಶುಕ್ರವಾರ ಬಂತೆಂದರೆ ಒಂದು ಬರಹ. ರೈಲು ಹಳಿ ಹೇಗೆ ತಿರುಗುತ್ತದೆ, ಒಂದು ಚಿತ್ರ ಯಾಕೆ ಬದಲಾಯಿಸಿದೆವು, ಯಾವ ಬಗ್ (ಪ್ರೋಗ್ರಾಮಿನೊಳಗಿನ ತಪ್ಪು) ಹಿಡಿಯಲು ತಲೆ ಕೆಟ್ಟುಹೋಯಿತು, ಎಲ್ಲ ಅದರಲ್ಲಿ. ಬಗ್ ಸರಿಮಾಡಿದ ಪಟ್ಟಿ ಮಾತ್ರ ಬೇರೆ ಕಡೆ. ‘ಮೈನ್‌ಕ್ರಾಫ್ಟ್’ನವರು ಪರೀಕ್ಷೆಗೆ ಬಿಡುವ ಸ್ನ್ಯಾಪ್‌ಶಾಟ್‌ಗಳನ್ನೂ ಎಲ್ಲರಿಗೂ ಬಿಡುವ ಆವೃತ್ತಿಗಳನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಹಲವು ವರ್ಷ ಆ ಸ್ನ್ಯಾಪ್‌ಶಾಟ್‌ಗಳಿಗೆ ‘20ಡಬ್ಲ್ಯೂ14ಎ’ ಥರದ ಹೆಸರಿತ್ತು. ಅಂದರೆ 2020ನೇ ಇಸವಿ, 14ನೇ ವಾರ, ಆ ವಾರದ ಮೊದಲನೆಯದು. ಹೆಸರು ನೋಡಿದರೇ ಎಷ್ಟು ಹಳೆಯದು ಅಂತ ತಿಳಿಯುತ್ತಿತ್ತು.

ಇದನ್ನೆಲ್ಲ ನೋಡಿ ನೀವೂ ‘ಪ್ರತಿ ಶುಕ್ರವಾರ’ ಅಂತ ಶುರು ಮಾಡಲು ಹೋಗಬೇಡಿ. ಮೂರು ಜನರ ತಂಡಕ್ಕೆ ಅದು ಆಗುವ ಮಾತಲ್ಲ. ನಾಲ್ಕನೇ ಶುಕ್ರವಾರ ತಪ್ಪುತ್ತದೆ, ಐದನೆಯದಕ್ಕೆ ಬರೆಯಲು ಮುಜುಗರ, ಆಮೇಲೆ ಪುಟವೇ ಸತ್ತುಹೋಗುತ್ತದೆ. ತಿಂಗಳಿಗೊಂದು ಡೈರಿ ಸಾಕು. ಅದಕ್ಕೂ ವಾರದ ಹೆಸರು, ತಿಂಗಳ ಹೆಸರು ಇಡಬೇಡಿ.

3. ನಂಬರು, ತಾರೀಕು, ಹೊತ್ತು

ತಲೆಬರಹದಲ್ಲಿ ಆವೃತ್ತಿಯ ನಂಬರು ಇರಲಿ, ಜೊತೆಗೆ ಮುಖ್ಯವಾದ ಒಂದು ಬದಲಾವಣೆ ಇರಲಿ. ‘ಭರ್ಜರಿ ಅಪ್‌ಡೇಟ್!’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಆವೃತ್ತಿ 1.4.0: ನಿಮ್ಮ ಮನೆಯ ನಿಯಮದಂತೆ ಆಡಬಹುದು’ ಅಂದರೆ ತಿಳಿಯುತ್ತದೆ.

ಮೂರು ಅಂಕಿಯ ಪದ್ಧತಿಯೇ ಒಳ್ಳೆಯದು. ಬರೀ ಬಗ್ ಸರಿಮಾಡಿದರೆ ಕೊನೆಯ ಅಂಕಿ ಏರಿಸಿ, ಹೊಸದೇನಾದರೂ ಸೇರಿದರೆ ನಡುವಿನದು, ಹಳೆಯ ಆಟವೇ ಬದಲಾದಂತೆ ಆದರೆ ಮೊದಲನೆಯದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಸ್ಟೋರಿನಲ್ಲಿ, ಆಟದ ಸೆಟ್ಟಿಂಗ್ಸಿನಲ್ಲಿ, ಸುದ್ದಿ ಪುಟದಲ್ಲಿ ಮೂರೂ ಕಡೆ ಒಂದೇ ನಂಬರು ಇರಬೇಕು. ಒಂದು ಕಡೆ 1.4, ಇನ್ನೊಂದು ಕಡೆ ‘ಬಿಲ್ಡ್ 212’ ಅಂತಿದ್ದರೆ ಆಡುವವರು ಯಾವುದನ್ನು ನೋಡಿ ದೂರು ಹೇಳಬೇಕು?

ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 5/4 ಅಂತ ಬರೆದರೆ ನಮಗೆ ಏಪ್ರಿಲ್ 5, ಅಮೆರಿಕದಲ್ಲಿರುವ ಮೈಸೂರಿನವರಿಗೆ ಮೇ 4. ‘ಭಾನುವಾರ ರಾತ್ರಿ 12ಕ್ಕೆ ಸರ್ವರ್ ನಿಲ್ಲುತ್ತದೆ’ ಅನ್ನುವುದೂ ಜಗಳಕ್ಕೆ ದಾರಿ. ಶನಿವಾರ ಮುಗಿದು ಭಾನುವಾರ ಶುರುವಾಗುವ 12 ಗಂಟೆಯಾ, ಭಾನುವಾರ ಮುಗಿಯುವ 12 ಗಂಟೆಯಾ? ‘ಶನಿವಾರ ರಾತ್ರಿ 11:30ರಿಂದ ಭಾನುವಾರ ಬೆಳಗಿನ ಜಾವ 2ರವರೆಗೆ, ಭಾರತೀಯ ಕಾಲಮಾನ’ ಅಂತ ಬರೆದುಬಿಡಿ, ಯಾರೂ ಕೇಳುವುದಿಲ್ಲ.

‘ಬಿಡುಗಡೆಯಾಗಿದೆ’ ಅನ್ನುವ ಮಾತಿನಲ್ಲೂ ಸ್ವಲ್ಪ ಜೋಪಾನ. ಪ್ಲೇ ಸ್ಟೋರಿನಲ್ಲಿ ಅಪ್‌ಡೇಟನ್ನು ಮೊದಲು ನೂರಕ್ಕೆ ಇಷ್ಟು ಜನರಿಗೆ ಅಂತ ಹಂತ ಹಂತವಾಗಿ ಬಿಡಬಹುದು. ಆ್ಯಪಲ್‌ನಲ್ಲಿ ಹಂತದ ಬಿಡುಗಡೆ ಆರಿಸಿಕೊಂಡರೆ, ತಾನಾಗಿಯೇ ಅಪ್‌ಡೇಟ್ ಆಗುವಂತೆ ಇಟ್ಟುಕೊಂಡವರಿಗೆ ಅದು 7 ದಿನಗಳಲ್ಲಿ ತಲುಪುತ್ತದೆ: ಮೊದಲ ದಿನ ನೂರಕ್ಕೆ 1, ಆಮೇಲೆ 2, 5, 10, 20, 50, ಕೊನೆಯ ದಿನ ಎಲ್ಲರಿಗೂ. ಹೀಗಿರುವಾಗ ನೀವು ‘ಇವತ್ತಿಂದ ಎಲ್ಲರಿಗೂ’ ಅಂತ ಹಾಕಿದರೆ ಮದ್ದೂರಿನ ಒಬ್ಬರಿಗೆ ಬಂದಿರುತ್ತದೆ, ಪಕ್ಕದ ಮನೆಯವರಿಗೆ ಬಂದಿರುವುದಿಲ್ಲ. ‘ನಿಮ್ಮ ಫೋನಿಗೆ ಬರಲು ಒಂದು ವಾರ ಹಿಡಿಯಬಹುದು’ ಅನ್ನುವ ಒಂದು ಸಾಲು ಎಷ್ಟೋ ಮೆಸೇಜುಗಳನ್ನು ತಪ್ಪಿಸುತ್ತದೆ.

4. ಬದಲಾವಣೆಯನ್ನು ಬರೆಯುವ ಬಗೆ

ಇಡೀ ಕೆಲಸದಲ್ಲಿ ನಿಜವಾದ ಕಸುಬು ಇಲ್ಲಿದೆ. ಪ್ರೋಗ್ರಾಮ್ ಬರೆದವರಿಗೆ ತಾವು ಮಾಡಿದ ಕೆಲಸ ಕಾಣುತ್ತದೆ, ಆಡುವವರಿಗೆ ತಮಗೆ ಆದದ್ದು ಕಾಣುತ್ತದೆ. ಬರೆಯಬೇಕಾದ್ದು ಎರಡನೆಯದು.

‘ಟರ್ನ್ ಮ್ಯಾನೇಜರಿನಲ್ಲಿ ತೊಂದರೆ ಸರಿಪಡಿಸಲಾಗಿದೆ’ ಅಂತ ಬರೆದರೆ ಅದು ನಿಮ್ಮ ಮೂವರ ನಡುವಿನ ಮಾತಾಯಿತು. ಅದನ್ನೇ ಹೀಗೆ ಬರೆಯಿರಿ: ‘ಚೌಕ ಅಥವಾ ಬಾರ ಬಿದ್ದಾಗ ಇನ್ನೊಂದು ಸಲ ಕವಡೆ ಹಾಕುವ ಅವಕಾಶ ಕೆಲವು ಸಲ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ.’ ಆಡಿದವರಿಗೆ ತಕ್ಷಣ ‘ಹೌದಲ್ವಾ, ನನಗೂ ಆಗಿತ್ತು’ ಅನಿಸಬೇಕು.

ಬದಲಾವಣೆ ಲೆಕ್ಕಕ್ಕೆ ಸಂಬಂಧಿಸಿದ್ದರೆ ಹಳೆಯದು ಹೊಸದು ಎರಡೂ ಕೊಡಿ. ‘ಆಟದ ವೇಗ ಹೆಚ್ಚಿಸಿದ್ದೇವೆ’ ಅಂದರೆ ಸಾಲದು. ‘ಒಬ್ಬರ ಸರದಿಗೆ 30 ಸೆಕೆಂಡ್ ಇತ್ತು, ಈಗ 20’ ಅನ್ನಿ. ‘ಲೀಗ್ ಆಫ್ ಲೆಜೆಂಡ್ಸ್’ ಆಟದ ರಯಟ್ ಗೇಮ್ಸ್ ಸುಮಾರು ಎರಡು ವಾರಕ್ಕೊಮ್ಮೆ ಪ್ಯಾಚ್ ನೋಟ್ಸ್ ಹಾಕುತ್ತದೆ. ಅದರಲ್ಲಿ ಹಳೆಯ ಅಂಕಿ, ಬಾಣದ ಗುರುತು, ಹೊಸ ಅಂಕಿ. ಅದರ ಮೇಲೆ ಯಾಕೆ ಬದಲಾಯಿಸಿದೆವು ಅಂತ ಎರಡು ಮೂರು ಸಾಲು. ಆಡುವವರು ಆ ಕಾರಣವನ್ನು ಒಪ್ಪುತ್ತಾರೆ ಅಂತೇನಿಲ್ಲ. ಬೈಯುವವರು ಬೈಯುತ್ತಲೇ ಇರುತ್ತಾರೆ. ಆದರೆ ಏನನ್ನು ಬೈಯಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ, ಯಾವುದಕ್ಕೆ ಉತ್ತರ ಕೊಡಬೇಕು ಅನ್ನುವುದು ನಿಮಗೂ ಗೊತ್ತಿರುತ್ತದೆ.

ಎಲ್ಲ ಸಾಲಿಗೂ ಕಾರಣ ಬೇಕಿಲ್ಲ. ಆಡುವವರ ಕೈಯಿಂದ ಏನನ್ನಾದರೂ ಕಿತ್ತುಕೊಂಡಾಗ ಮಾತ್ರ ಕಾರಣ ಬೇಕೇ ಬೇಕು. ಸಮಯ ಕಡಿಮೆ ಮಾಡಿದಿರಾ, ಬಹುಮಾನ ಇಳಿಸಿದಿರಾ, ಉಚಿತ ಇದ್ದದ್ದಕ್ಕೆ ದುಡ್ಡು ಕೇಳಿದಿರಾ, ಕಾರಣ ಹೇಳಿ. ಅದನ್ನು ಪಟ್ಟಿಯ ಹದಿನೇಳನೇ ಸಾಲಿನಲ್ಲಿ ಬಚ್ಚಿಡಬೇಡಿ. ಯಾರಾದರೂ ಹುಡುಕಿ ಸ್ಕ್ರೀನ್‌ಶಾಟ್ ಹೊಡೆದು ಹಾಕಿಯೇ ಹಾಕುತ್ತಾರೆ.

ದಾಳ, ಕವಡೆ ಇರುವ ಎಲ್ಲ ಆಟಕ್ಕೂ ಒಂದು ದೂರು ಕಾಯಂ: ‘ಕಂಪ್ಯೂಟರ್ ಮೋಸ ಮಾಡುತ್ತಿದೆ’. ಇದಕ್ಕೆ ಪ್ಯಾಚ್ ನೋಟ್ಸಿನಲ್ಲಿ ಉತ್ತರ ಕೊಡಲಾಗುವುದಿಲ್ಲ, ಡೈರಿಯಲ್ಲಿ ಕೊಡಿ. ಲೆಕ್ಕ ಬಿಡಿಸಿ ತೋರಿಸಿ. ಎರಡು ಮಗ್ಗುಲೂ ಸಮವಾಗಿ ಬೀಳುವ ನಾಲ್ಕು ಕವಡೆ ಹಾಕಿದರೆ ಒಟ್ಟು 16 ಥರ ಬೀಳಬಹುದು. ಅದರಲ್ಲಿ ಎರಡು ಬೀಳುವುದು 6 ಸಲ, ಒಂದು 4 ಸಲ, ಮೂರು 4 ಸಲ, ಚೌಕ ಒಂದೇ ಸಲ, ಬಾರ ಒಂದೇ ಸಲ. ಬಾರ ಅಪರೂಪ ಅನ್ನಿಸುವುದು ಇದಕ್ಕೇ. ಆದರೆ ನಿಜವಾದ ಕವಡೆಯ ಎರಡು ಮಗ್ಗುಲೂ ಸಮ ಇರುವುದಿಲ್ಲ. ಹಾಗಾಗಿ ಅಜ್ಜಿಯ ಜೊತೆ ಕೂತು ಆಡಿದವರಿಗೆ ನಿಮ್ಮ ಆಟದ ಕವಡೆ ಬೇರೆ ಥರ ಬೀಳುತ್ತಿದೆ ಅನಿಸಿದರೆ ಅವರ ಅನಿಸಿಕೆ ಸುಳ್ಳಲ್ಲ. ಇದನ್ನು ಬಿಡಿಸಿ ಬರೆದ ಒಂದು ಡೈರಿ ಇದ್ದರೆ, ಮುಂದೆ ಪ್ಯಾಚ್ ನೋಟ್ಸಿನಲ್ಲಿ ‘ಬಾರ ಬೀಳುವ ಸಾಧ್ಯತೆ: 16ರಲ್ಲಿ 1 ಇದ್ದದ್ದು ಈಗ 12ರಲ್ಲಿ 1’ ಅಂತ ಹಾಕಿದಾಗ ಜನಕ್ಕೆ ಅರ್ಥವಾಗುತ್ತದೆ.

ಬಗ್ಗುಗಳ ಬಗ್ಗೆ ನಾಚಿಕೊಳ್ಳಬೇಡಿ. ‘ಡ್ವಾರ್ಫ್ ಫೋರ್ಟ್ರೆಸ್’ ಆಟದಲ್ಲಿ 2015ರ ಕೊನೆಯ ಹೊತ್ತಿಗೆ ಬೆಕ್ಕುಗಳು ಕಾರಣವಿಲ್ಲದೆ ಸಾಯುತ್ತಿದ್ದವು. ಹುಡುಕಿದರೆ, ಹೊಸದಾಗಿ ಸೇರಿಸಿದ್ದ ಹೆಂಡದಂಗಡಿಗಳೇ ಕಾರಣ. ನೆಲಕ್ಕೆ ಚೆಲ್ಲಿದ ಬಿಯರ್ ಬೆಕ್ಕಿನ ಪಾದಕ್ಕೆ ಅಂಟುತ್ತಿತ್ತು. ಬೆಕ್ಕು ಪಾದ ನೆಕ್ಕುತ್ತಿತ್ತು. ಆಟದ ಲೆಕ್ಕದಲ್ಲಿ ಒಂದು ನೆಕ್ಕಿಗೆ ಒಂದು ಲೋಟ ಪೂರ್ತಿ ಕುಡಿದಂತೆ ಆಗುತ್ತಿತ್ತು. ಆಟ ಮಾಡಿದ ಟಾರ್ನ್ ಆ್ಯಡಮ್ಸ್ ಇದನ್ನು ಮುಚ್ಚಿಡದೆ ಹೇಳಿಕೊಂಡರು. ಆ ಆಟವನ್ನು ಒಮ್ಮೆಯೂ ಆಡದವರು ಕೂಡ ಇವತ್ತಿಗೂ ಆ ಬೆಕ್ಕುಗಳ ಕಥೆ ಹೇಳುತ್ತಾರೆ. ದುಡ್ಡು ಕೊಟ್ಟರೂ ಅಂಥ ಪ್ರಚಾರ ಸಿಗದು.

ಪಟ್ಟಿಯ ಕ್ರಮ ಹೀಗಿರಲಿ. ಆಡುತ್ತಿರುವವರ ಪಂದ್ಯ, ದುಡ್ಡು, ಅಂಕಗಳಿಗೆ ತಾಗುವ ವಿಷಯ ಎಲ್ಲಕ್ಕಿಂತ ಮೇಲೆ. ಆಮೇಲೆ ಹೊಸದು, ಆಮೇಲೆ ಬದಲಾದದ್ದು, ಆಮೇಲೆ ಸರಿಮಾಡಿದ್ದು. ಕೊನೆಗೆ ‘ಗೊತ್ತಿರುವ ತೊಂದರೆಗಳು’. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಉಪಯೋಗದ ಭಾಗ ಅನಿಸುತ್ತದೆ. ‘ಇವರಿಗೆ ಗೊತ್ತಿದೆಯಾ?’ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ. ಮೈನ್‌ಕ್ರಾಫ್ಟ್‌ನವರು ಸರಿಮಾಡಿದ ಪ್ರತಿ ಬಗ್ಗಿಗೂ ಅದರ ನಂಬರು ಹಾಕುತ್ತಾರೆ. ದೂರು ಕೊಟ್ಟವರು ತಮ್ಮ ನಂಬರು ಹುಡುಕಿಕೊಂಡು ಖುಷಿಪಡಬಹುದು. ನಿಮಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ‘ಇದನ್ನು ತಿಳಿಸಿದ ಎಲ್ಲರಿಗೂ ಥ್ಯಾಂಕ್ಸ್’ ಅಂತ ಒಂದು ಸಾಲು ಸಾಕು.

5. ಕೆಟ್ಟ ಸುದ್ದಿ

ಸರ್ವರ್ ಕೂತುಹೋಗಿದೆ. ಅಥವಾ ಅಪ್‌ಡೇಟ್ ಎಡವಟ್ಟಾಗಿದೆ. ಆಗ ‘ತಾಂತ್ರಿಕ ಕಾರಣಗಳಿಂದ’, ‘ಅನಿವಾರ್ಯ ಕಾರಣಗಳಿಂದ’ ಅಂತ ಸರ್ಕಾರಿ ನೋಟಿಸಿನ ಥರ ಶುರು ಮಾಡಬೇಡಿ. ‘ನಿಮ್ಮ ಪ್ರೀತಿಗೆ ನಾವು ಸದಾ ಚಿರಋಣಿ’ ಅಂತಲೂ ಬೇಡ. ಏನಾಗಿದೆ, ಯಾರಿಗೆ ಆಗಿದೆ, ಏನು ಸುರಕ್ಷಿತವಾಗಿದೆ, ಈಗ ಏನು ಮಾಡಬೇಕು, ಮತ್ತೆ ಯಾವಾಗ ತಿಳಿಸುತ್ತೀರಿ. ಇದೇ ಕ್ರಮದಲ್ಲಿ ಬರೆಯಿರಿ. ಮಂಡ್ಯದ ಆ ಹುಡುಗನಿಗೆ ಕಾಣಬೇಕಾದ್ದು ಇಂಥದ್ದು:

‘ಅಪ್‌ಡೇಟ್ 1.4.0 ಹಾಕಿಕೊಂಡ ಕೆಲವರಿಗೆ ಅರ್ಧಕ್ಕೆ ನಿಲ್ಲಿಸಿದ್ದ ಪಂದ್ಯಗಳು ಕಾಣುತ್ತಿಲ್ಲ. ಪಂದ್ಯಗಳು ಅಳಿಸಿಹೋಗಿಲ್ಲ, ನಿಮ್ಮ ಫೋನಿನಲ್ಲೇ ಇವೆ. ಹೊಸ ಆವೃತ್ತಿಗೆ ಅವನ್ನು ಓದಲು ಆಗುತ್ತಿಲ್ಲ. ದಯವಿಟ್ಟು ಆಟವನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಮಾಡಿದರೆ ಪಂದ್ಯಗಳು ನಿಜವಾಗಿಯೂ ಹೋಗುತ್ತವೆ. ಸರಿಪಡಿಸಿದ 1.4.1 ಅನ್ನು ಪರೀಕ್ಷೆ ಮಾಡುತ್ತಿದ್ದೇವೆ. ಸರಿಹೋಗಿರಲಿ, ಹೋಗದಿರಲಿ, ಇವತ್ತು ಸಂಜೆ 6ಕ್ಕೆ ಇದೇ ಪುಟದಲ್ಲಿ ಮತ್ತೆ ಬರೆಯುತ್ತೇವೆ.’

ಇದರಲ್ಲಿ ಎರಡು ಸಾಲು ಚಿನ್ನ. ‘ಅನ್‌ಇನ್‌ಸ್ಟಾಲ್ ಮಾಡಬೇಡಿ’ ಅನ್ನುವುದು ಒಂದು. ಏನೇ ಕೆಟ್ಟರೂ ಜನ ಮೊದಲು ಮಾಡುವುದು ಅದನ್ನೇ. ‘ಸಂಜೆ 6ಕ್ಕೆ ಮತ್ತೆ ಬರೆಯುತ್ತೇವೆ’ ಅನ್ನುವುದು ಇನ್ನೊಂದು. ಯಾವಾಗ ಸರಿಹೋಗುತ್ತದೆ ಅಂತ ನಿಮಗೇ ಗೊತ್ತಿಲ್ಲದಿರಬಹುದು. ಆದರೆ ಯಾವಾಗ ಮತ್ತೆ ಬರೆಯುತ್ತೀರಿ ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಸಂಜೆ 6ಕ್ಕೆ ಏನೂ ಆಗಿಲ್ಲದಿದ್ದರೆ ‘ಇನ್ನೂ ಆಗಿಲ್ಲ, ರಾತ್ರಿ 9ಕ್ಕೆ ಮತ್ತೆ’ ಅಂತ ಹಾಕಿ.

ಸುಮ್ಮನಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ‘ನೋ ಮ್ಯಾನ್ಸ್ ಸ್ಕೈ’ ಇದೆ. 2016ರ ಆಗಸ್ಟಿನಲ್ಲಿ ಆಟ ಬಂತು. ಹೇಳಿದ್ದೆಲ್ಲ ಅದರಲ್ಲಿಲ್ಲ ಅಂತ ಗಲಾಟೆ ಎದ್ದಿತು. ಹಲೋ ಗೇಮ್ಸ್ ತಂಡ ಹೆಚ್ಚು ಮಾತಾಡಲಿಲ್ಲ. ನವೆಂಬರಿನಲ್ಲಿ ‘ಫೌಂಡೇಶನ್’ ಅನ್ನುವ ದೊಡ್ಡ ಅಪ್‌ಡೇಟ್ ತಂದರು, ಆಮೇಲೆ ವರ್ಷಗಟ್ಟಲೆ ತರುತ್ತಲೇ ಹೋದರು. ಈಗ ಅವರ ಸೈಟಿನಲ್ಲಿ ದೊಡ್ಡ ಅಪ್‌ಡೇಟುಗಳಿಗೆ ಒಂದೊಂದು ಪುಟ ಇದೆ, ಏನು ಸೇರಿತು ಅಂತ ಚಿತ್ರದ ಸಮೇತ. ಹೋದ ಹೆಸರು ವಾಪಸ್ ಬಂತು. ಇದನ್ನು ನೋಡಿ ‘ಮಾತಾಡದೆ ಕೆಲಸ ಮಾಡಿದರೆ ಸಾಕು’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ ಆಟ ಆಗಲೇ ಲಕ್ಷಾಂತರ ಜನರ ಕೈಯಲ್ಲಿತ್ತು, ಬೈಯಲಿಕ್ಕಾದರೂ ಜನ ಕಾದಿದ್ದರು. ನಿಮ್ಮ ಚೌಕಾಬಾರಕ್ಕೆ ಯಾರೂ ಕಾಯುವುದಿಲ್ಲ. ಎರಡು ದಿನ ನೋಡಿ ಅಳಿಸಿ ಹಾಕುತ್ತಾರೆ.

‘ಸೈಬರ್‌ಪಂಕ್ 2077’ ಬೇರೆ ದಾರಿ ಹಿಡಿಯಿತು. 2020ರ ಡಿಸೆಂಬರ್ 10ಕ್ಕೆ ಬಂದಾಗ ಹಳೆಯ ಪ್ಲೇಸ್ಟೇಶನ್, ಎಕ್ಸ್‌ಬಾಕ್ಸ್‌ಗಳಲ್ಲಿ ಅದನ್ನು ಆಡುವುದೇ ಕಷ್ಟವಾಗಿತ್ತು. ಸೋನಿ ತನ್ನ ಸ್ಟೋರಿನಿಂದಲೇ ಅದನ್ನು ತೆಗೆಯಿತು. ಜನವರಿಯಲ್ಲಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರೇ ವೀಡಿಯೊದಲ್ಲಿ ಬಂದು ತಪ್ಪು ಎಲ್ಲಾಯಿತು ಅಂತ ಹೇಳಿದರು. ಮುಂದಿನ ಪ್ಯಾಚುಗಳ ಪಟ್ಟಿಯನ್ನು ಸೈಟಿನಲ್ಲಿ ಹಾಕಿದರು. ಆಮೇಲೆ ಬಂದ 1.2 ಪ್ಯಾಚಿನ ಪಟ್ಟಿಯಲ್ಲಿ ನೂರಾರು ಸಾಲು. ಆಟ ನಿಜಕ್ಕೂ ದಾರಿಗೆ ಬರಲು 2023ರ ಸೆಪ್ಟೆಂಬರಿನ 2.0 ಬರಬೇಕಾಯಿತು, ಆ ಮಾತು ಬೇರೆ. ನಡುವಿನ ಎರಡೂ ಮುಕ್ಕಾಲು ವರ್ಷ ಏನೇನು ಸರಿಮಾಡಿದರು ಅನ್ನುವ ಲೆಕ್ಕ ಮಾತ್ರ ಸಾರ್ವಜನಿಕವಾಗಿ ಇತ್ತು.

ತಾರೀಕು ಬದಲಾದರೆ ಕಾರಣವನ್ನು ಇದ್ದ ಹಾಗೆ ಹೇಳಿ. ಫ್ಯಾಕ್ಟೋರಿಯೋದವರು 1.0 ಆವೃತ್ತಿಯನ್ನು 2020ರ ಸೆಪ್ಟೆಂಬರ್ 25ಕ್ಕೆ ಅಂದಿದ್ದರು. ಆಮೇಲೆ ಆಗಸ್ಟ್ 14ಕ್ಕೆ ಹಿಂದೆ ತಂದರು. ಕಾರಣ? ಸೈಬರ್‌ಪಂಕ್ ಸೆಪ್ಟೆಂಬರಿನಲ್ಲಿ ಬರುತ್ತದೆ, ಅದರ ಜೊತೆ ನಮ್ಮ ಆಟ ಬಂದರೆ ಯಾರೂ ನೋಡುವುದಿಲ್ಲ ಅಂತ ನೇರವಾಗಿ ಬರೆದರು. ಜನ ನಕ್ಕರು, ಒಪ್ಪಿದರು. ತಮಾಷೆ ಅಂದರೆ ಸೈಬರ್‌ಪಂಕೇ ಆಮೇಲೆ ಡಿಸೆಂಬರಿಗೆ ಹೋಯಿತು.

6. ‘ಮುಂದೆ ಬರಲಿದೆ’

ಅರ್ಧವಾದರೂ ಆದದ್ದನ್ನು ಮಾತ್ರ ಬರೆಯಿರಿ. ಪೂರ್ತಿ ಆಗುವವರೆಗೆ ತಾರೀಕು ಹಾಕಬೇಡಿ. ಬರೀ ಆಸೆ ಇರುವುದನ್ನು ಬರೆಯಲೇಬೇಡಿ. ‘ಹಾಲೋ ನೈಟ್: ಸಿಲ್ಕ್‌ಸಾಂಗ್’ 2019ರ ಫೆಬ್ರವರಿಯಲ್ಲಿ ಪ್ರಕಟವಾಗಿ 2025ರ ಸೆಪ್ಟೆಂಬರಿನಲ್ಲಿ ಬಂತು, ನಡುವೆ ಸುದ್ದಿ ಬಲು ಕಡಿಮೆ. ಜನ ಕಾದರು, ಏಕೆಂದರೆ ಮೊದಲ ಆಟ ‘ಹಾಲೋ ನೈಟ್’ ಅಷ್ಟು ಗೆದ್ದಿತ್ತು. ನಿಮಗೆ ಆ ಅನುಕೂಲ ಇಲ್ಲ.

7. ಕನ್ನಡದಲ್ಲಿ ಹಾಕುವಾಗ

ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕುವುದಾದರೆ ಎರಡು ಬೇರೆ ಪುಟ ಮಾಡಿ. ಇಂಗ್ಲಿಷ್ ಬರೆದು ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಬೇಡಿ. ‘ದೋಷ ಪರಿಹಾರಗಳು ಮತ್ತು ಕಾರ್ಯಕ್ಷಮತೆ ಸುಧಾರಣೆಗಳು’ ಅನ್ನುವುದನ್ನು ಎಲ್ಲ ಆ್ಯಪ್‌ಗಳಲ್ಲೂ ನೋಡಿ ನೋಡಿ ಜನಕ್ಕೆ ಅದು ಕಣ್ಣಿಗೇ ಬೀಳುವುದಿಲ್ಲ. ಬಗ್, ಲೆವೆಲ್, ಸೇವ್, ಸರ್ವರ್ ಹಾಗೆಯೇ ಇರಲಿ. ಕವಡೆ, ಕಾಯಿ, ಮನೆ, ಹಣ್ಣು ಕೂಡ ಹಾಗೆಯೇ ಇರಲಿ. ‘ಪಾನ್ ಗೋಲ್ ತಲುಪಿತು’ ಅಂತ ಬರೆಯುವ ಬದಲು ‘ಕಾಯಿ ಹಣ್ಣಾಯಿತು’ ಅಂದರೆ ಚೌಕಾಬಾರ ಗೊತ್ತಿರುವವರಿಗೆ ವಿವರಣೆಯೇ ಬೇಡ. ನಿಮ್ಮ ಆಟ ಆಡುವವರಲ್ಲಿ ಅಜ್ಜಿಯರೂ ಇರುತ್ತಾರೆ, ಅವರನ್ನು ‘ಹಾಯ್ ಗೇಮರ್ಸ್’ ಅಂತ ಕರೆಯಬೇಡಿ.

ಅಕ್ಷರ ಯೂನಿಕೋಡಿನಲ್ಲೇ ಇರಬೇಕು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಬೇರೆಯವರ ಫೋನಿನಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಇನ್ನೊಂದು, ನಮ್ಮ ಲಿಪಿಗೆ ಬರುವ ಕಷ್ಟ: ಒತ್ತಕ್ಷರ. ಇಂಗ್ಲಿಷಿಗೆ ಅಂತ ಮಾಡಿದ ವಿನ್ಯಾಸದಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ತಲೆಬರಹ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಅಥವಾ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಇಡಿ. ಪರೀಕ್ಷೆಗೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಅಂತ ಟೈಪ್ ಮಾಡಿ ನೋಡಿ.

ಪೋಸ್ಟರ್ ಚಿತ್ರದೊಳಗೆ ಸುದ್ದಿ ಬರೆದು ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕಲು, ನಕಲು ಮಾಡಲು ಕಷ್ಟ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರಿಗೂ ತೊಡಕು. ಚಿತ್ರ ಇರಲಿ, ಮಾತು ಕೆಳಗೆ ಅಕ್ಷರದಲ್ಲಿ ಇರಲಿ.

8. ಹಂಚುವುದು

ಪೂರ್ತಿ ಬರಹ ಸೈಟಿನಲ್ಲಿ, ಬೇರೆ ಕಡೆ ಅದರ ಸಾರ ಮತ್ತು ಲಿಂಕ್. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಆಡುವವರು ಹರಟುವ ಡಿಸ್ಕಾರ್ಡಿನಲ್ಲಿ ಹಾಕಿದ್ದು ಸಂಜೆಯೊಳಗೆ ಗುಡ್ ನೈಟ್ ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ. ಪ್ರತಿ ಬರಹಕ್ಕೂ ಬದಲಾಗದ ಸ್ವಂತ ವಿಳಾಸ ಇರಬೇಕು. ಲಿಂಕ್ ಕಳಿಸಿದಾಗ ಕಾಣುವ ಚಿತ್ರಕ್ಕೆ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರದ ಅಳತೆ ಹೆಚ್ಚಿನ ಕಡೆ ಹೊಂದುತ್ತದೆ.

ಪ್ಲೇ ಸ್ಟೋರಿನ ‘ಹೊಸದೇನು’ ಜಾಗದಲ್ಲಿ 500 ಅಕ್ಷರ ಮಾತ್ರ, ಆ್ಯಪ್ ಸ್ಟೋರಿನಲ್ಲಿ 4000. ಕನ್ನಡದಲ್ಲಿ 500 ಬೇಗ ಮುಗಿಯುತ್ತದೆ. ‘ಸ್ತ್ರೀ’ ಅನ್ನುವುದು ಕಣ್ಣಿಗೆ ಒಂದು ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ 6. ಹಾಗಾಗಿ ಅಲ್ಲಿಗೆ ಮೂರು ಮುಖ್ಯ ಬದಲಾವಣೆ ಸಾಕು.

ಸುದ್ದಿಯನ್ನು ಮೇಲ್ ಮಾಡುತ್ತೇವೆ ಅಂತ ಇಮೇಲ್ ಕೇಳುವವರು ಒಂದು ವಿಷಯ ನೆನಪಿಡಿ. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆಟ ಆಡುವವರಲ್ಲಿ ಶಾಲೆ ಮಕ್ಕಳೂ ಇರುತ್ತಾರೆ ಅಲ್ವಾ? ಇಮೇಲ್ ಕೇಳದೆಯೇ ಸುದ್ದಿ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಹಾಕಿದರೆ ಈ ತಲೆನೋವೇ ಇಲ್ಲ.

9. ಯಾವಾಗ

ಸ್ಟೋರಿನವರು ಪರಿಶೀಲಿಸಿ ಒಪ್ಪಿಗೆ ಕೊಟ್ಟು, ಅಪ್‌ಡೇಟ್ ನಿಜವಾಗಿ ಕಾಣಿಸಿದ ಮೇಲೆ ಸುದ್ದಿ ಹಾಕಿ. ಶುಕ್ರವಾರ ಸಂಜೆ ಬೇಡ. ಶನಿವಾರ ಕೆಟ್ಟರೆ ಸರಿಮಾಡಲು ಯಾರಿರುತ್ತಾರೆ? ದಸರಾ ವಿಶೇಷ ಅಪ್‌ಡೇಟ್ ಮಾಡುವ ಆಸೆ ಮೈಸೂರಿನ ಯಾವ ತಂಡಕ್ಕೂ ತಪ್ಪಿದ್ದಲ್ಲ. ಮಾಡಿ, ಆದರೆ ಗೊಂಬೆ ಕೂರಿಸುವ ಹೊತ್ತಿಗೇ ಬಿಟ್ಟುಬಿಡಿ. ಜಂಬೂ ಸವಾರಿ ದಿನ ಊರೊಳಗೆ ರಸ್ತೆ ಬಂದ್, ಮನೆ ತುಂಬ ನೆಂಟರು. ಅವತ್ತು ಸರ್ವರ್ ನೋಡುವವರು ಯಾರೂ ಸಿಗುವುದಿಲ್ಲ.

10. ಹಾಕಿದ ಮೇಲೆ

ತಪ್ಪು ಕಂಡರೆ ತಿದ್ದಿ, ಆದರೆ ಕದ್ದು ತಿದ್ದಬೇಡಿ. ‘ತಿದ್ದುಪಡಿ: ಸರದಿಯ ಸಮಯ 15 ಸೆಕೆಂಡ್ ಅಂತ ಬರೆದಿತ್ತು, ಸರಿಯಾದದ್ದು 20’ ಅಂತ ಕೆಳಗೆ ಒಂದು ಸಾಲು, ತಾರೀಕಿನ ಸಮೇತ. ಕಾಗುಣಿತದ ತಪ್ಪಿಗೆ ಇದೆಲ್ಲ ಬೇಡ. ಹಳೆಯ ಬರಹಗಳನ್ನು ಅಳಿಸಬೇಡಿ. ಸೈಟ್ ಹೊಸದು ಮಾಡಿದಾಗ ಹಳೆಯ ಸುದ್ದಿಯೆಲ್ಲ ಹೊರಟುಹೋಗುವುದು ನಮ್ಮಲ್ಲಿ ಮಾಮೂಲು. ಹಳೆಯ ವಿಳಾಸ ಒತ್ತಿದರೆ ಹೊಸ ಜಾಗಕ್ಕೆ ಹೋಗುವಂತೆ ಮಾಡಿಸಿ.

ಕೊನೆಗೆ ಆಟವನ್ನೇ ನಿಲ್ಲಿಸುವ ದಿನ ಬಂದರೆ ಅದನ್ನೂ ಬರೆಯಬೇಕು. ಯೂಬಿಸಾಫ್ಟ್ ತನ್ನ ‘ದ ಕ್ರೂ’ ಆಟದ ಸರ್ವರನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರಿಗೂ ಆಡಲು ಆಗದೆ ಹೋಯಿತು. ಅದರಿಂದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನುವ ಚಳವಳಿಯೇ ಹುಟ್ಟಿತು. ನಿಮ್ಮ ಕೊನೆಯ ಬರಹದಲ್ಲಿ ಸರ್ವರ್ ಯಾವತ್ತು ನಿಲ್ಲುತ್ತದೆ, ಒಳಗೆ ದುಡ್ಡು ಹಾಕಿದವರಿಗೆ ಏನು, ಇಂಟರ್ನೆಟ್ ಇಲ್ಲದೆ ಒಂದೇ ಫೋನಿನಲ್ಲಿ ನಾಲ್ಕು ಜನ ಆಡುವುದು ಉಳಿಯುತ್ತದಾ, ಇಷ್ಟು ಇರಲಿ. ಕೆಲವು ತಿಂಗಳು ಮೊದಲೇ ಹಾಕಿ. ಆಮೇಲೆ ಡೊಮೇನ್ ಹೆಸರನ್ನು ತಕ್ಷಣ ಬಿಡಬೇಡಿ, ಇನ್ನೊಂದೆರಡು ವರ್ಷಕ್ಕೆ ದುಡ್ಡು ಕಟ್ಟಿಡಿ. ಬಿಟ್ಟರೆ ಯಾರೋ ಕೊಂಡುಕೊಂಡು, ನಿಮ್ಮ ಚೌಕಾಬಾರ ಹುಡುಕಿಕೊಂಡು ಬಂದವರಿಗೆ ಅಲ್ಲಿ ಜೂಜಿನ ಜಾಹೀರಾತು ತೋರಿಸುತ್ತಾರೆ.